ಬೂಟಿನೊಳಗಿನ ನೀರು

"ಬುದ್ಧಿ, ಜನರ ಮಾತು ಮನಸ್ಸಿಗೆ ತಾಗದ ಹಾಗೆ ಮಾಡಿಕೊಳ್ಳುವುದು ಹೇಗೆ?"

ಕೇಳಿದವನು ಚನ್ನವೀರ. ಮಠದ ದಾಸೋಹದ ಅಡುಗೆಮನೆ ಅವನ ವಶದಲ್ಲಿತ್ತು. ಸಿಟ್ಟಿನಿಂದ ಅವನ ದನಿ ನಡುಗುತ್ತಿತ್ತು.

"ಏನಾಯಿತು?" ಎಂದರು ಗುರುಗಳು.

"ಮಧ್ಯಾಹ್ನ ಪಂಕ್ತಿಯಲ್ಲಿ ಕೂತವರು ಬಾಯಿಗೆ ಬಂದಂತೆ ಅಂದರು. ಸಾರು ಹಳಸಿದೆ ಅಂದರು. ಒಬ್ಬಳು ಮುದುಕಿ ಎಲೆ ಮಡಿಚಿ ಎದ್ದೇಬಿಟ್ಟಳು. ಪುಕ್ಕಟೆ ಉಣ್ಣುವವರಿಗೆ ಇಷ್ಟು ನಾಲಿಗೆಯೇ? ಒಲೆಯ ಮುಂದೆ ಬೇಯುವವನು ನಾನು. ನನಗೊಂದು ಮಂತ್ರ ಕೊಡಿ. ಯಾರು ಏನಂದರೂ ಒಳಗೆ ಇಳಿಯಬಾರದು. ಆಗದಿದ್ದರೆ ಸೌಟು ಕೆಳಗಿಟ್ಟು ಹೋಗುತ್ತೇನೆ."

"ಕೂತುಕೋ" ಎಂದರು ಗುರುಗಳು. ಅವನು ಕೂತ ಮೇಲೆ ಹೇಳತೊಡಗಿದರು.

ಒಬ್ಬ ಬಾವಿ ತೋಡುವವನಿದ್ದ. ಕಲ್ಲು ನೆಲದಲ್ಲಿ ಬಾವಿ ಇಳಿಸುವುದು ಅವನ ಕೆಲಸ. ತಳದಲ್ಲಿ ಒರತೆಯ ನೀರು. ನೀರಿನ ಅಡಿಯಲ್ಲಿ ಕತ್ತಿಯಂಥ ಕಲ್ಲುಚೂರು. ಬರಿಗಾಲಲ್ಲಿ ಇಳಿಯುವಂತಿಲ್ಲ. ಅದಕ್ಕೆ ದಪ್ಪ ತೊಗಲಿನ ಬೂಟು ಹೊಲಿಸಿದ. ಕಾಲು ಗಟ್ಟಿಯಿದ್ದರೆ ಅವನಿಗೆ ಕೆಲಸ. ಕಾಲು ಕೆಟ್ಟರೆ ಮನೆಯಲ್ಲಿ ಒಲೆ ಉರಿಯದು.

ಮೋಚಿ ಕೇಳಿದ: "ನೀರು ತಡೆಯಲು ಏನು ಹಚ್ಚಲಿ, ಅಣ್ಣಾ? ಹೊಂಗೆ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ತಿಕ್ಕಿದರೆ ತೊಗಲು ಮೆತ್ತಗಿರುತ್ತದೆ. ಸ್ವಲ್ಪ ತೇವ ಬಂದೇ ಬರುತ್ತದೆ. ವಾರಕ್ಕೊಮ್ಮೆ ಮತ್ತೆ ತಿಕ್ಕಬೇಕು. ರಾಳ ಕಾಯಿಸಿ ಬಳಿದರೆ ಒಂದು ಹನಿಯೂ ದಾಟದು. ಆದರೆ ಒಳಗೆ ಗಾಳಿಯಾಡುವುದಿಲ್ಲ. ದಿನಾ ಬಿಚ್ಚಿ ಆರಿಸಬೇಕು."

"ವಾರವಾರ ಎಣ್ಣೆ ತಿಕ್ಕಿ ಉಪಚಾರ ಮಾಡಲು ಅದೇನು ನನ್ನ ಮನೆಯ ಅಳಿಯನೇ? ರಾಳವನ್ನೇ ಬಳಿ" ಎಂದ ಬಾವಿಯವನು. ಹನಿಯೂ ದಾಟದು ಎಂಬುದನ್ನು ಕೇಳಿಸಿಕೊಂಡ. ಅದರ ಮುಂದಿನದು ಅವನ ಕಿವಿಗೆ ಬೀಳಲಿಲ್ಲ.

ಬಾವಿಗೆ ಇಳಿದ. ಮೊಣಕಾಲ ಕೆಳಗೆ ನೀರಿದ್ದರೂ ಕಾಲಿಗೆ ತಣ್ಣಗೆ ತಾಗಲಿಲ್ಲ. ಅವನಿಗೆ ಹೆಮ್ಮೆ ಬಂತು. ಊಟದ ಹೊತ್ತಿಗೆ ಜೊತೆಯವರು ಹಗ್ಗ ಹಿಡಿದು ಮೇಲೆ ಬರುತ್ತಿದ್ದರು. ಬೂಟು ಬಿಚ್ಚಿ, ಬಿಸಿಲಿಗೆ ಕಾಲು ಚಾಚಿ ಕೂರುತ್ತಿದ್ದರು. ಅದು ಆ ಕೆಲಸದವರ ರೂಢಿ.

"ನಿಮ್ಮದೇನು ಬೂಟೋ ಜರಡಿಯೋ?" ಎಂದು ಅವನು ನಗುತ್ತಿದ್ದ. ತಾನು ಮಾತ್ರ ಬಿಚ್ಚುತ್ತಿರಲಿಲ್ಲ. ಕೆಲಸ ಮುಗಿದ ಮೇಲೂ ಬೂಟಿನಲ್ಲೇ ಊರೆಲ್ಲ ತಿರುಗುತ್ತಿದ್ದ. ಮಲಗುವಾಗ ಕತ್ತಲಲ್ಲೇ ಕಳಚಿ ಮೂಲೆಗೆ ಎಸೆಯುತ್ತಿದ್ದ. ಬೆಳಿಗ್ಗೆ ಹೊರಮೈ ಒರೆಸಿದರೆ ಸಾಕು, ಮಿರಮಿರ ಮಿಂಚುತ್ತಿತ್ತು. ಹೊರಗೆ ಮಿಂಚುವ ಬೂಟಿನ ಒಳಗೆ ಯಾರು ಕೈಯಿಟ್ಟು ನೋಡುತ್ತಾರೆ?

ಕಾಲಿನಲ್ಲಿ ನವೆ ಎದ್ದಿತು. ಉಷ್ಣ ಅಂದುಕೊಂಡ. ಉರಿಯಿತು. ಅದೂ ಉಷ್ಣವೇ ಅಂದುಕೊಂಡ. ಕೊನೆಗೆ ಒಂದು ದಿನ ಹೆಜ್ಜೆ ಊರಲಾಗದೆ ಬೂಟು ಕಿತ್ತು ನೋಡಿದ. ಒಳಗೆಲ್ಲ ಒದ್ದೆ. ಅಂಗಾಲು ಸುಣ್ಣದಂತೆ ಬಿಳುಪಾಗಿತ್ತು. ಬೆರಳ ಸಂದಿನ ಚರ್ಮ ಮುಟ್ಟಿದರೆ ಕೈಗೆ ಬರುತ್ತಿತ್ತು.

ಅವನ ಮೈಯೆಲ್ಲ ಉರಿದುಹೋಯಿತು. ಬೂಟು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಕುಂಟುತ್ತ ಸಂತೆಗೆ ಬಂದ. ಮೋಚಿಯ ಮುಂದೆ ಅವನ್ನು ಎಸೆದ.

"ನೀನು ಬಳಿದದ್ದು ರಾಳವೋ ಬೆಲ್ಲದ ಪಾಕವೋ? ಬಾವಿಯ ನೀರೆಲ್ಲ ಇದರೊಳಗಿದೆ. ನನ್ನ ಕಾಲು ಕೊಳೆಸಿದೆಯಲ್ಲೋ."

"ದಿನಾ ಬಿಚ್ಚಿ ಆರಿಸಿದೆಯಾ, ಅಣ್ಣಾ?"

"ಮಾತು ಹಾರಿಸಬೇಡ. ನಿನ್ನ ಕೆಲಸದ ಚಂದವನ್ನು ಸಂತೆಯೇ ನೋಡಲಿ."

ಮೋಚಿ ತೊಗಲು ನೆನೆಹಾಕುವ ಬಾನಿಯಿಂದ ಬಾವಿಯವನೇ ನೀರು ಮೊಗೆದ. ಒಂದು ಬೂಟಿಗೆ ಕಂಠದವರೆಗೆ ಸುರಿದ. ಸೋರುವುದು ಎಲ್ಲರಿಗೂ ಕಾಣಲಿ ಎಂದು ತಲೆಯ ಎತ್ತರಕ್ಕೆ ಎತ್ತಿ ಹಿಡಿದ. ಜನ ಸುತ್ತ ನೆರೆದರು. ಕತ್ತೆತ್ತಿ ಬೂಟಿನ ಅಡಿ ನೋಡಿದರು.

ಒಂದು ಹನಿಯೂ ಬೀಳಲಿಲ್ಲ.

ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿದ. ಅಟ್ಟೆಯ ಮೇಲೆ ಗುದ್ದಿದ. ಬೀಳಲಿಲ್ಲ. ತೋಳು ನೋಯತೊಡಗಿತು. ಇಳಿಸಲು ಮಾನ ಬಿಡಲಿಲ್ಲ.

ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದವಳು ಅಂದಳು: "ಒಳಗಿನದು ಹೊರಗೆ ಬರದ ಬೂಟಿಗೆ ಹೊರಗಿನದು ಯಾವ ದಾರಿಯಲ್ಲಿ ಬಂತಪ್ಪಾ? ಅದು ನಿನ್ನ ಬೆವರೇ ಇರಬೇಕು ನೋಡು."

ಜನ ನಕ್ಕರು. ಅವನು ನಗಲಿಲ್ಲ. ನೀರನ್ನು ಬೀದಿಗೆ ಚೆಲ್ಲಿದ.

"ಹಾಗಾದರೆ ತೊಗಲೇ ಕೆಟ್ಟದ್ದು. ನೀವೆಲ್ಲ ಒಂದೇ" ಎಂದ. ಬೂಟು ಎತ್ತಿಕೊಂಡು, ಬೇರೆ ಮೋಚಿಯನ್ನು ಹುಡುಕಿಕೊಂಡು ಕುಂಟುತ್ತ ಹೋದ. ಆ ಬೇಸಿಗೆಯಲ್ಲಿ ಬಾವಿಗೆ ಇಳಿದವರು ಬೇರೆಯವರು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ತನ್ನ ಸಿಟ್ಟು ಮರೆತುಹೋಗಿತ್ತು. ಈಗ ಬಂದದ್ದು ಬಾವಿಯವನ ಮೇಲಿನ ಸಿಟ್ಟು.

"ಎಂಥ ಮನುಷ್ಯ, ಬುದ್ಧಿ. ತನ್ನ ಬೆವರಿಗೆ ಮೋಚಿಯನ್ನು ಬೈಯುವುದೇ? ಸಂತೆಯಲ್ಲಿ ಅವನ ಮಾನ ಕಳೆಯುವುದೇ? ಅದಕ್ಕೆ ಮೊದಲು ಒಮ್ಮೆ ಬೂಟಿನೊಳಗೆ ಕೈಯಿಟ್ಟು ನೋಡಲು ಅವನಿಗೇನು ದಾಡಿಯಾಗಿತ್ತು?"

ಗುರುಗಳು ಅವನ ಮುಖವನ್ನೇ ನೋಡಿದರು.

"ಆ ಮುದುಕಿ ಎದ್ದು ಹೋದ ಮೇಲೆ, ನೀನು ಆ ಸಾರನ್ನು ಬಾಯಿಗಿಟ್ಟು ನೋಡಿದೆಯಾ?"