ಎಮ್ಮೆ ಬಾಲಕ್ಕೆ ತುರುಬು ಕಟ್ಟಿದ ಕೆಂಪರಾಜ

ಕೇಳ್ರಪ್ಪಾ, ಕೇಳ್ರವ್ವಾ! ನಗೋರು ನಗಿ, ಆಕಳಿಸೋರು ಎದ್ದು ಹೋಗಿ. ನಡುವೆ ಬಾಯಿ ಹಾಕಿ 'ಹಂಗೂ ಉಂಟಾ?' ಅಂತ ಮಾತ್ರ ಕೇಳಬೇಡಿ. ಉಂಟು ಅಂತಲೇ ಹೇಳ್ತಾ ಇರೋದು.

ಹಾಲಗೆರೆ ಗೇಟಿನಲ್ಲಿ ಪುಟ್ಟಗಂಗಮ್ಮ ಅಂತ ಒಬ್ಬಳಿದ್ದಳು. ಮದುಮಗಳ ತಲೆ ಕಟ್ಟುವುದು ಅವಳ ಕಸುಬು. ಸುತ್ತಿನ ಯಾವ ಹೆಣ್ಣು ಹಸೆಮಣೆ ಏರಿದರೂ ತುರುಬು ಪುಟ್ಟಗಂಗಮ್ಮನ ಕೈಯದೇ. ಆದರೆ ಕೊನೆಯ ಹೂವು ಮುಡಿಸಿದ್ದೇ ತಡ, "ಗಂಗಮ್ಮಾ, ನೀನಿನ್ನು ಹಿಂದಕ್ಕೆ ಹೋಗು, ಮುಹೂರ್ತದ ಹೊತ್ತು" ಅನ್ನೋರು. ಗಂಡ ಸತ್ತವಳು ತಾಳಿ ಕಟ್ಟುವಾಗ ಎದುರಿಗೆ ಇರಬಾರದಂತೆ. ಅವಳ ಕೈ ಬೇಕು, ಮುಖ ಬೇಡ. ಎಂಥ ಬುದ್ಧಿವಂತರ ಊರು ನೋಡಿ!

ಇಂಥ ಬುದ್ಧಿವಂತರ ಊರಲ್ಲಿ ಪೆದ್ದ ಅಂತ ಹೆಸರು ತೆಗೆದುಕೊಂಡವನು ಅವಳ ಒಬ್ಬನೇ ಮಗ ಕೆಂಪರಾಜ. ಆಳು ನೋಡಿದರೆ ಬಾಗಿಲಿಗೆ ಬಗ್ಗಿ ಬರಬೇಕು, ತಲೆಯೊಳಗೆ ಇಣುಕಿದರೆ ಗಾಳಿಯೂ ಒಂಟಿ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ಅವನ ಕಾಯಿಲೆ.

ಪುಟ್ಟಗಂಗಮ್ಮನಿಗೆ ಇದ್ದದ್ದು ಒಂದೇ ಆಸೆ. ಇವನಿಗೊಂದು ಮದುವೆಯಾಗಬೇಕು, ಬುದ್ಧಿ ಇರುವ ಒಂದು ಹೆಣ್ಣು ಮನೆಗೆ ಬರಬೇಕು. "ನನ್ನ ಕಣ್ಣು ಮುಚ್ಚಿದ್ರೆ ಇವನಿಗೆ ಉಣ್ಣು ಅಂತ ಹೇಳೋರು ಯಾರು? ಹೇಳದೆ ಇದ್ರೆ ಉಣ್ಣೋದೂ ಇಲ್ವಲ್ಲ ಶಿವನೇ!" ಅಂತ ದಿನಾ ಗೋಳಾಡೋಳು.

ಈ ನಡುವೆ ಅವಳ ಬೆರಳ ಗಿಣ್ಣುಗಳು ನೋಯತೊಡಗಿದವು. ಮೊಬೈಲಿನಲ್ಲಿ ಯಾರೋ ಒಬ್ಬಳು ರೇಷ್ಮೆ ಕೂದಲಿನವಳು ಕಣ್ಣು ಮಿಟುಕಿಸುವುದರೊಳಗೆ ಒಂದು ಪಟ್ಟಿ ಸುತ್ತಿ ತುರುಬು ಕಟ್ಟಿ ತೋರಿಸಿದ್ದನ್ನು ನೋಡಿ, ಅದೇ ಪಟ್ಟಿ ತರಿಸಿದಳು. ಗೇಣುದ್ದದ ಬಟ್ಟೆಪಟ್ಟಿ, ಒಳಗೆ ತಂತಿ, ನಡುವೆ ಸೀಳು. ಸೀಳಿಗೆ ಕೂದಲ ತುದಿ ಸಿಕ್ಕಿಸಬೇಕು, ಬುಡದವರೆಗೂ ಸುತ್ತಬೇಕು, ಪಟ್ಟಿಯ ಎರಡು ತುದಿಯ ಕಿವಿ ಬಗ್ಗಿಸಬೇಕು. ಲಟಕ್! ತುರುಬು.

"ಲೋ ಕೆಂಪಾ, ಮೊದಲ್ನೇ ಸಲವೇ ಮದುಮಗಳ ತಲೆಗೆ ಹಾಕೋಕಾಗಲ್ಲ. ಹಿತ್ತಲಲ್ಲಿ ಜೋಲಾಡೋದು ಏನಾದ್ರೂ ಇದ್ರೆ ಅದಕ್ಕೆ ಹಾಕಿ ನೋಡು, ಪಟ್ಟಿ ನಿಲ್ಲುತ್ತೋ ಇಲ್ವೋ."

"ಸರಿ ಕಣವ್ವಾ!"

ಹಿತ್ತಲಲ್ಲಿ ಹಗ್ಗ ಜೋಲಾಡುತ್ತಿತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ. ಸೋರೆಬಳ್ಳಿ ಜೋಲಾಡುತ್ತಿತ್ತು. ಅದೂ ಬೀಳಲಿಲ್ಲ. ಬೇಲಿಯಾಚೆ ಪಕ್ಕದ ಮನೆ ನಿಂಗಮ್ಮ ಎಮ್ಮೆ ಕರೆಯುತ್ತಿದ್ದಳು, ಎಮ್ಮೆಯ ಬಾಲ ಜೋಲಾಡುತ್ತಿತ್ತು. ಬೇಲಿ ದಾಟಿದ. ತುದಿ ಸಿಕ್ಕಿಸಿದ, ಬುಡದವರೆಗೂ ಸುತ್ತಿದ, ಕಿವಿ ಬಗ್ಗಿಸಿದ. ಲಟಕ್!

ನೊಣ ಬಂತು. ಎಮ್ಮೆ ಬಾಲ ಬೀಸಲು ನೋಡಿತು. ಬಾಲ ಎಲ್ಲಿದೆ? ತುರುಬಾಗಿ ಕೂತಿದೆ! ಇನ್ನೊಂದು ನೊಣ ಬಂತು, ಅದರ ನೆಂಟರಿಷ್ಟರೆಲ್ಲ ಬಂದರು. ಎಮ್ಮೆ ಒಂದು ಒದೆ ಕೊಟ್ಟಿತು ನೋಡಿ, ಹಾಲು ಒಂದು ಕಡೆ, ಚೊಂಬು ಒಂದು ಕಡೆ, ನಿಂಗಮ್ಮ ತಿಪ್ಪೆ ಕಡೆ! ತುರುಬು ಕಟ್ಟಿಕೊಂಡ ಎಮ್ಮೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಹೊಕ್ಕು ನಿಂತಿತು. "ಯಾರ ಮನೆ ಮದುವೆಗೋ?" ಅಂತ ಟೀ ಕುಡಿಯುತ್ತಿದ್ದವರು ಕೇಳಿದರು.

ಪುಟ್ಟಗಂಗಮ್ಮ ಎದೆ ಎದೆ ಬಡಿದುಕೊಂಡಳು. "ಅಯ್ಯೋ ಮಂಕೇ! ಕೇಳದೆ ಯಾರ ಕೂದಲಿಗೂ ಕೈ ಹಾಕಬಾರ್ದು ಕಣೋ! ಮೊದಲು 'ಕಟ್ಟಲಾ' ಅಂತ ಕೇಳು. ತಲೆ ಅಲ್ಲಾಡಿಸಿದ್ರೆ ಕಟ್ಟು!"

"ಇಷ್ಟೇನಾ? ಮುಂದಿನ ಸಲ ಕೇಳ್ತೀನಿ ಬಿಡವ್ವಾ!"

ಮಾರನೆಯ ದಿನ ಜಗುಲಿಗೆ ಜವರಯ್ಯ ಬಂದು ಕೂತ. ಜವರಯ್ಯ ಅಂದರೆ ಮದುವೆ ಕುದುರಿಸುವ ಆಸಾಮಿ. ಸುಳ್ಳಿನ ಮೇಲೆ ಸುಳ್ಳು ಹೇಳಿ ಕುಂಟನನ್ನು ಕುದುರೆ ಮಾಡಿ ಕಳಿಸೋನು. ಎದೆಯುದ್ದ ಗಡ್ಡ ಬಿಟ್ಟಿದ್ದ. ಗಡ್ಡ ಇದ್ದರೆ ಸುಳ್ಳಿಗೂ ಒಂದು ತೂಕ ಬರುತ್ತದಲ್ಲ! ಕೆಂಪರಾಜನಿಗೊಂದು ಹೆಣ್ಣು ನೋಡಿದ್ದೇನೆ ಅಂತ ಹೇಳಲು ಬಂದಿದ್ದ. ಪುಟ್ಟಗಂಗಮ್ಮ ಖುಷಿಗೆ ಕೋಳಿಸಾರು ಮಾಡಿ ಬಡಿಸಿದಳು. ಹೊಟ್ಟೆ ಬಿರಿಯ ತಿಂದು, ಕಂಬಕ್ಕೆ ಒರಗಿ, ಜವರಯ್ಯ ತೂಕಡಿಸತೊಡಗಿದ.

ಕೆಂಪರಾಜ ಬಂದು ನೋಡಿದ. ಉದ್ದಕ್ಕೆ ಕೂದಲು! ಅವ್ವ ಹೇಳಿದ್ದು ನೆನಪಾಯಿತು.

"ಜವರಯ್ಯಾ, ಕಟ್ಟಲಾ?"

ಜವರಯ್ಯನ ತಲೆ ತೂಕಡಿಕೆಗೆ ಕೆಳಗೆ ಬಂತು, ಮೇಲೆ ಹೋಯಿತು.

"ನಿಜವಾಗ್ಲೂ ಕಟ್ಟಲಾ?"

ಕೆಳಗೆ ಬಂತು, ಮೇಲೆ ಹೋಯಿತು.

ತುದಿ ಸಿಕ್ಕಿಸಿದ, ಬುಡದವರೆಗೂ ಸುತ್ತಿದ, ಕಿವಿ ಬಗ್ಗಿಸಿದ. ಲಟಕ್! ಗಲ್ಲದ ಕೆಳಗೆ ಗುಂಡಗೆ ಒಂದು ತುರುಬು. ಬರೀ ತುರುಬು ಚೆನ್ನಾಗಿರಲ್ಲ ಅಂತ ಒಂದು ಕನಕಾಂಬರದ ಎಳೆಯನ್ನೂ ಮುಡಿಸಿದ. ಕಸುಬುದಾರಳ ಮಗ ಅಲ್ಲವೇ!

ಎದ್ದ ಜವರಯ್ಯ ಅದೇ ಅವತಾರದಲ್ಲಿ ಇನ್ನೊಂದು ಮನೆಗೆ ಸಂಬಂಧದ ಮಾತಾಡಲು ಹೋದ. ಆ ಮನೆಯವರು ಬಾಗಿಲಲ್ಲೇ ಕನ್ನಡಿ ಹಿಡಿದು ತೋರಿಸಿದರು. ಓಡೋಡಿ ಬಂದು ಪುಟ್ಟಗಂಗಮ್ಮನ ಮುಂದೆ ಕುಣಿದಾಡಿದ. "ನಿನ್ನ ಮಗನಿಗೆ ಹೆಣ್ಣು ಹುಡುಕಕ್ಕೆ ಬಂದ್ರೆ ನನ್ನನ್ನೇ ಹೆಣ್ಣು ಮಾಡಿಬಿಟ್ನಲ್ಲಮ್ಮ!"

"ಅವ್ರು ತಲೆ ಅಲ್ಲಾಡಿಸಿದ್ರು ಕಣವ್ವಾ!" ಅಂದ ಕೆಂಪರಾಜ.

"ಅಯ್ಯೋ ಮಂಕೇ! ತಲೆ ಅಲ್ಲಾಡಿಸಿದ್ರೆ ಸಾಲ್ದು ಕಣೋ, ಬಾಯ್ಬಿಟ್ಟು ಹೂಂ ಅನ್ನಬೇಕು! ಇನ್ನು ಹೊಸಲು ದಾಟಬೇಡ. ಒಳಗೆ ಕೂತು ಬದುಕೋದು ಹೆಂಗೆ ಅಂತ ಕಲಿ!"

ಒಳಗೆ ಕೂತು ಬದುಕೋದು ಕಲಿಸಲು ಸೋದರಮಾವ ಮರೀಗೌಡ ಬಂದ. ಮರೀಗೌಡನಿಗೆ ಯಾವುದೇ ಕಷ್ಟಕ್ಕೂ ಮೊಬೈಲೇ ಮದ್ದು. ತನ್ನ ಮೊಬೈಲ್ ತೆಗೆದು ಒಂದು ಆಟ ತೋರಿಸಿದ. ಆಟದಲ್ಲೊಂದು ಮನೆ, ಮನೆಯಲ್ಲೊಂದು ಬೊಂಬೆ ಹೆಂಗಸು. ಅವಳನ್ನು ನಾವು ಬದುಕಿಸಬೇಕು.

"ನೋಡು ಅಳಿಯಾ. ಇವಳ ತಲೆ ಮೇಲೊಂದು ದೀಪ ಇದೆ. ಹಸಿರಾಗಿದ್ರೆ ಸುಖವಾಗಿದಾಳೆ. ಕೆಂಪಗಾದ್ರೆ ಕಷ್ಟದಲ್ಲಿದಾಳೆ, ಊಟ ಹಾಕು, ಸ್ನಾನ ಮಾಡಿಸು. ಆಟ ಪೂರ್ತಿ ಕೆಟ್ಟೋದ್ರೆ ಆರಿಸು, ಮತ್ತೆ ಹಚ್ಚು, ಮೊದಲಿಂದ ಶುರು ಮಾಡು. ಇವಳನ್ನ ಸಾಕೋದು ಕಲಿತ್ರೆ ಹೆಂಡ್ತಿನೂ ಸಾಕ್ತೀಯ!"

ಮರೀಗೌಡನ ಹೆಂಡತಿ ಜಗಳವಾಡಿ ತವರಿಗೆ ಹೋಗಿ ಕೂತು ವರ್ಷವಾಗುತ್ತಾ ಬಂದಿತ್ತು. ಮೊಬೈಲಿನ ಹೆಂಗಸನ್ನು ಮಾತ್ರ ಅವನು ಹಸಿರಾಗಿಯೇ ಇಟ್ಟುಕೊಂಡಿದ್ದ. ಇರಲಿ, ನಮಗ್ಯಾಕೆ!

ಮೊಬೈಲ್ ಕೊಟ್ಟು ಮರೀಗೌಡ ಒಂದು ನಿದ್ದೆ ತೆಗೆಯಲು ಹೋದ. ಕೆಂಪರಾಜ ನೋಡುತ್ತಾ ಕೂತ. ಹಸಿರು. ಹಸಿರು. ಆಮೇಲೆ ಕೆಂಪು!

"ಅವ್ವಾ! ಇವಳಿಗೆ ಹಸಿವಂತೆ!"

"ಮಾವ ಹೇಳಿದ ಹಂಗೆ ಮಾಡೋ!" ಅಂದಳು ಅವ್ವ ಒಳಗಿಂದ.

ಅಡುಗೆಮನೆಗೆ ಹೋಗಿ ಮುದ್ದೆ ಮುರಿದ, ಉಪ್ಸಾರಿನಲ್ಲಿ ಅದ್ದಿದ. ಬಾಯಿ ಎಲ್ಲಿ? ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದ. ಚಾರ್ಜರ್ ಚುಚ್ಚುವ ತೂತು ಕಂಡಿತು. ಅಯ್ಯೋ ಪಾಪ, ಎಷ್ಟು ಸಣ್ಣ ಬಾಯಿ! ಚಿಟಿಕೆ ಚಿಟಿಕೆ ತುರುಕಿದ, ಮೇಲೆ ಒಂದು ಗುಟುಕು ಸಾರು ಬಿಟ್ಟ. ಆಮೇಲೆ ಸ್ನಾನ. ಹಂಡೆಯಿಂದ ಹದವಾದ ಬಿಸಿನೀರು ತೋಡಿ, ಸೀಗೆಪುಡಿ ಹಚ್ಚಿ, ತಿಕ್ಕಿ ತಿಕ್ಕಿ ತೊಳೆದ. ಬೊಂಬೆ ಹೆಂಗಸು ಒಂದು ಸಲ ಮಿಣಕ್ ಅಂದಳು, ಕತ್ತಲಾದಳು.

"ಮಾವಾ! ಉಂಡು, ಸ್ನಾನ ಮಾಡಿ ಮಲಗಿದಾಳೆ. ಗದ್ದಲ ಮಾಡಬೇಡ!"

ಮರೀಗೌಡನ ಗದ್ದಲ ಗೇಟಿನವರೆಗೂ ಕೇಳಿಸಿತು. ಹೆಂಡತಿ ಹೋದಾಗ ಅತ್ತಿರದವನು ಅವತ್ತು ಅತ್ತ.

ಪುಟ್ಟಗಂಗಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ಬೊಂಬೆಗೆ ಯಾರಾದ್ರೂ ನೀರು ಹುಯ್ತಾರೇನೋ? ಹುಯ್ಯೋದಾದ್ರೆ ಜೀವ ಇರೋ ಮನುಷ್ಯರಿಗೆ ಹುಯ್ಯಿ!"

"ಇದನ್ನ ಮೊದಲೇ ಹೇಳಬಾರ್ದಿತ್ತಾ ಅವ್ವಾ!"

ಅಷ್ಟರಲ್ಲಿ ಇನ್ನೊಂದು ಕೋಳಿ ಕೊಯ್ದು, ಪುಟ್ಟಗಂಗಮ್ಮ ಜವರಯ್ಯನನ್ನು ಒಲಿಸಿಕೊಂಡಳು. ಗಡ್ಡ ಬೋಳಿಸಿಕೊಂಡು ಬಂದ ಜವರಯ್ಯ, ತಾಯಿ ಮಗನನ್ನು ಮೇಲಿನಕೊಪ್ಪಲಿನ ಚಿಕ್ಕೇಗೌಡನ ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಹೋದ. ಹುಡುಗಿ ಕಮಲಾಕ್ಷಿ. ಬಂದ ಗಂಡುಗಳನ್ನೆಲ್ಲ ಬೇಡ ಬೇಡ ಅಂದು ಅಪ್ಪನಿಗೆ ತಲೆನೋವಾಗಿದ್ದವಳು.

ಚಿಕ್ಕೇಗೌಡ ಬೀಗರು ಬರುತ್ತಾರೆಂದು ಪೆಟ್ಟಿಗೆಯಿಂದ ಅಜ್ಜನ ಕಾಲದ ಕೆಂಪು ರುಮಾಲು ತೆಗೆದು ಸುತ್ತಿಕೊಂಡು, ನಡುಮನೆಯಲ್ಲಿ ಗತ್ತಾಗಿ ಕೂತಿದ್ದ. ಕೆಂಪರಾಜ ಒಳಗೆ ಬಂದ. ನೋಡಿದ. ತಲೆ ಮೇಲೆ ಕೆಂಪು! ಜೀವ ಇದೆಯಾ? ಮೀಸೆ ಅಲ್ಲಾಡುತ್ತಿದೆ, ಇದೆ!

"ಅಯ್ಯೋ ಪಾಪ, ಇವ್ರಿಗೆ ಕಷ್ಟ!" ಅಂದವನೇ ಕಾಲು ತೊಳೆಯಲು ಇಟ್ಟಿದ್ದ ಎರಡು ಬಕೆಟ್‌ನಲ್ಲಿ ಒಂದನ್ನು ಎತ್ತಿ ಚಿಕ್ಕೇಗೌಡನ ನೆತ್ತಿಯ ಮೇಲೆ ಸುರಿದ.

ಚಿಕ್ಕೇಗೌಡ 'ಹಾ' ಅಂದ, ಜವರಯ್ಯ ಇಲ್ಲದ ಗಡ್ಡ ಕಿತ್ತುಕೊಂಡ, ಪುಟ್ಟಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಎಲ್ಲಾ ಕೆಟ್ಟೋಯ್ತು! ಪೂರ್ತಿ ಕೆಟ್ಟೋಯ್ತು!" ಅಂತ ಅತ್ತಳು.

ಕೆಟ್ಟೋಯ್ತಾ? ಕೆಟ್ಟರೆ ಏನು ಮಾಡಬೇಕು ಅಂತ ಕೆಂಪರಾಜನಿಗೆ ಗೊತ್ತಿತ್ತು. ಗೋಡೆಯ ಮೇಲಿದ್ದ ಮೇನ್ ಸ್ವಿಚ್ ಆರಿಸಿದ. ಫ್ಯಾನು ನಿಂತಿತು, ದೀಪ ಹೋಯಿತು. ಮತ್ತೆ ಹಚ್ಚಿದ. ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡ, ಚಪ್ಪಲಿ ಬಿಟ್ಟ, ನಗುನಗುತ್ತಾ ಒಳಗೆ ಬಂದು ಕೈ ಮುಗಿದ. "ನಮಸ್ಕಾರ, ಹೆಣ್ಣು ನೋಡಕ್ಕೆ ಬಂದಿದೀವಿ!"

ಬಂದು ನೋಡಿದರೆ ರುಮಾಲು ಇನ್ನೂ ಕೆಂಪಗೇ ಇದೆ. ಒದ್ದೆಯಾಗಿ ಇನ್ನಷ್ಟು ಕೆಂಪಗಾಗಿದೆ. "ಇವ್ರಿಗೆ ಒಂದು ಬಕೆಟ್ ಸಾಲ್ದು!" ಅಂತ ಎರಡನೆಯದನ್ನೂ ಸುರಿದ.

"ಎದ್ದೇಳ್ರಿ ಮೇಲೆ! ಆಚೆ ನಡೀರಿ!" ಅಂತ ಚಿಕ್ಕೇಗೌಡ ಗುಡುಗಿದ. ಆಗ ಬಾಗಿಲ ಸಂದಿಯಿಂದ ಕಿಲಕಿಲ ನಗು. ಕಮಲಾಕ್ಷಿ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದಳು.

"ಯಾರು ಹಂಗೆ ಮಾಡಕ್ಕೆ ಹೇಳಿದ್ದು?" ಅಂತ ಕೇಳಿದಳು. ಕೆಂಪರಾಜ ಮಾವ ಹೇಳಿದ್ದು, ಅವ್ವ ಹೇಳಿದ್ದು ಎಲ್ಲ ಒಪ್ಪಿಸಿದ.

"ಅಪ್ಪಾ, ನಂಗೆ ಇವ್ರೇ ಆಗ್ಲಿ."

"ಹುಚ್ಚು ಹಿಡಿದಿದೆಯೇನೇ? ಅವನು ಪೆದ್ದ!"

"ಹೇಳಿದ್ದನ್ನ ಹೇಳಿದ ಹಂಗೆ ಮಾಡ್ತಾರೆ. ನೀನು ಮದುವೆಯಾದಾಗಿಂದ ಅವ್ವ ಹೇಳಿದ್ದು ಒಂದಾದ್ರೂ ಮಾಡಿದೀಯಾ? ಬುದ್ಧಿವಂತರನ್ನ ಹುಟ್ಟಿದಾಗಿಂದ ನೋಡಿ ಸಾಕಾಗಿದೆ."

ಒಳಗಿಂದ ಅವಳ ಅವ್ವ ಕೆಮ್ಮಿದಳು. ಚಿಕ್ಕೇಗೌಡ ರುಮಾಲು ಹಿಂಡಿದ. ಸಂಬಂಧ ಕುದುರಿತು!

ಬರುವ ದಾರಿಯಲ್ಲಿ ಪುಟ್ಟಗಂಗಮ್ಮ ನಗುತ್ತಾ ಅಳುತ್ತಾ ಮಗನ ಕಿವಿ ಹಿಂಡಿದಳು. "ಅಯ್ಯೋ ಮಂಕೇ! ದೇವರು ದೊಡ್ಡೋನು, ಉಳಿಸಿದ. ಇನ್ನು ಮದುವೆ ದಿನ ನಾನು ಹೇಳೋವರ್ಗೂ ಏನೂ ಮಾಡಬೇಡ! ಯಾರು ಹೇಳಿದ್ರೂ ಬೇಡ! ನನ್ನ ಬಾಯಿಂದ ಬಂದ್ರೆ ಮಾತ್ರ!"

"ಆಗ್ಲವ್ವಾ!"

ಮದುವೆ ದಿನ ಬಂತು. ಪುಟ್ಟಗಂಗಮ್ಮ ಸೊಸೆಯಾಗುವವಳ ಕೂದಲು ಬಾಚಿದಳು. ತುದಿ ಸಿಕ್ಕಿಸಿದಳು, ಬುಡದವರೆಗೂ ಸುತ್ತಿದಳು, ಕಿವಿ ಬಗ್ಗಿಸಿದಳು. ಲಟಕ್! ಪಟ್ಟಿ ಕೊನೆಗೂ ಒಂದು ತಲೆಯ ಮೇಲೆ ಕೂತಿತು. ಸುತ್ತ ಮಲ್ಲಿಗೆ ಮುಡಿಸಿದಳು. ಕೊನೆಯ ಹೂವು ಮುಡಿಸಿದ್ದೇ ತಡ, ಚಿಕ್ಕೇಗೌಡನ ತಂಗಿ ಬಂದಳು. "ಗಂಗಮ್ಮಾ, ನೀನಿನ್ನು ಹಿಂದಕ್ಕೆ ಹೋಗು."

"ನನ್ನ ಮಗನ ಮದುವೆ ಕಣವ್ವಾ," ಅಂದಳು ಪುಟ್ಟಗಂಗಮ್ಮ.

"ಮಗನ ಒಳ್ಳೇದಕ್ಕೇ ಹೇಳ್ತಿರೋದು."

ಪುಟ್ಟಗಂಗಮ್ಮ ಎದ್ದಳು. ಹೋಗಿ ಪಾತ್ರೆ ಕೋಣೆಯಲ್ಲಿ ಕೂತಳು. ನನಗೆ ಇದನ್ನು ಹೇಳುವಾಗಲೂ ಮೈ ಉರಿಯುತ್ತದೆ.

ಮಂಟಪದಲ್ಲಿ ಗಟ್ಟಿಮೇಳ ಶುರುವಾಯಿತು. ಐನೋರು ತಾಳಿ ಕೊಟ್ಟು, "ಕಟ್ಟಪ್ಪಾ" ಅಂದರು. ಕೆಂಪರಾಜ ತಾಳಿ ಹಿಡಿದು ಕಂಬದ ಹಾಗೆ ನಿಂತ.

"ಕಟ್ಟೋ!" ಅಂದ ಚಿಕ್ಕೇಗೌಡ.

"ಅವ್ವ ಹೇಳ್ಲಿ."

"ಮುಹೂರ್ತ ಮೀರುತ್ತೆ ಕಣಯ್ಯಾ!" ಅಂದರು ಐನೋರು.

"ಅವ್ವ ಹೇಳ್ಲಿ."

ಜವರಯ್ಯ ಗೋಗರೆದ, ಮರೀಗೌಡ ಬೈದ, ಡೋಲಿನವನ ಕೈ ಸೋತಿತು. ಅಕ್ಕಿಕಾಳು ಹಿಡಿದು ನಿಂತವರ ಅಂಗೈ ಬೆವರಿತು. "ಅವ್ವ ಹೇಳ್ಲಿ!" ಎತ್ತಿ ಕುಕ್ಕಿದರೂ ಅದೇ ಮಾತು. ಕೊನೆಗೆ ಚಿಕ್ಕೇಗೌಡನ ತಂಗಿಯೇ ಪಾತ್ರೆ ಕೋಣೆಗೆ ಓಡಿದಳು. ಹಿಂದಕ್ಕೆ ಹೋಗು ಅಂದ ಬಾಯೇ "ಮುಂದಕ್ಕೆ ಬಾರವ್ವಾ ತಾಯಿ!" ಅಂತು.

ಪುಟ್ಟಗಂಗಮ್ಮ ಬಂದಳು. ಅಷ್ಟು ತಲೆ ಕಟ್ಟಿದವಳು ಮಂಟಪವನ್ನು ಎದುರಿಂದ ನೋಡಿದ್ದು ಅವತ್ತೇ. "ಕಟ್ಟೋ ಮಗನೇ," ಅಂದಳು.

ಕೆಂಪರಾಜ ಕಮಲಾಕ್ಷಿಯ ಕಡೆ ತಿರುಗಿದ. "ಕಟ್ಟಲಾ?"

ಕಮಲಾಕ್ಷಿ ನಾಚಿ ತಲೆ ಅಲ್ಲಾಡಿಸಿದಳು.

"ತಲೆ ಅಲ್ಲಾಡಿಸಿದ್ರೆ ಸಾಲ್ದು. ಬಾಯ್ಬಿಟ್ಟು ಹೂಂ ಅನ್ನು."

ಆ ಊರಲ್ಲಿ ತಾಳಿ ಕಟ್ಟುವ ಮುಂಚೆ ಹೆಣ್ಣನ್ನು ಕೇಳಿದ ಬುದ್ಧಿವಂತ ಅದುವರೆಗೆ ಹುಟ್ಟಿರಲಿಲ್ಲ. "ಹೂಂ!" ಅಂದಳು ಕಮಲಾಕ್ಷಿ, ಹಿಂದಿನ ಸಾಲಿಗೂ ಕೇಳುವ ಹಾಗೆ.

ಪೆದ್ದನಿಗೆ ಬುದ್ಧಿ ಬಂತು ಅಂದುಕೊಂಡಿರಾ? ತಡೀರಿ. ಕೆಂಪರಾಜ ತಾಳಿಯ ದಾರದ ತುದಿ ತುರುಬಿಗೆ ಸಿಕ್ಕಿಸಿದ, ಬುಡದವರೆಗೂ ಸುತ್ತಿದ, ಕಿವಿ ಬಗ್ಗಿಸಲು ಹುಡುಕತೊಡಗಿದ!

"ಅಯ್ಯೋ ಮಂಕೇ!" ಪುಟ್ಟಗಂಗಮ್ಮ ಚೀರಿದಳು. "ತುರುಬಿಗಲ್ಲ ಕಣೋ! ಬಿಚ್ಚಿ ಕುತ್ತಿಗೆಗೆ ಕಟ್ಟೋ!"

"ಇದನ್ನ ಮೊದಲೇ ಹೇಳಬಾರ್ದಿತ್ತಾ ಅವ್ವಾ!"

ಬಿಚ್ಚಿದ. ಯಾರ ಕುತ್ತಿಗೆ ಅಂತ ಅವ್ವ ಹೇಳಿರಲಿಲ್ಲ. ಕೈಗೆ ಹತ್ತಿರ ಇದ್ದದ್ದು ತನ್ನದೇ. ಮೂರು ಗಂಟು, ಬಿಗಿಯಾಗಿ, ತನ್ನ ಕುತ್ತಿಗೆಗೇ ಹಾಕಿಕೊಂಡ. ಜನ ಗಾಬರಿಗೆ ಅಕ್ಕಿಕಾಳು ಎರಚಿಬಿಟ್ಟರು. ಡೋಲಿನವನು ಬಾರಿಸಿಯೇಬಿಟ್ಟ. ಮುಹೂರ್ತವೂ ಮುಗಿಯಿತು.

"ಬಿಚ್ಚೋ! ಬಿಚ್ಚೋ!" ಅಂತ ಗಂಡಸರೆಲ್ಲ ಕೂಗಿದರು.

ಕೆಂಪರಾಜ ಕಮಲಾಕ್ಷಿಯ ಮುಖ ನೋಡಿದ. "ಬಿಚ್ಚಲಾ?"

"ಬೇಡ ಇರ್ಲಿ," ಅಂದಳು ಕಮಲಾಕ್ಷಿ. "ಒಪ್ಪುತ್ತೆ."

ಹೇಳಿದ್ದನ್ನು ಮಾಡುವವನು ತಾನೇ? ಅವನ ಕುತ್ತಿಗೆಯಲ್ಲಿ ಅದು ಇವತ್ತಿಗೂ ಇದೆ. ನಂಬದಿದ್ದರೆ ಹಾಲಗೆರೆ ಗೇಟಿಗೆ ಹೋಗಿ ನೋಡಿ. ಅತ್ತೆ ಸೊಸೆ ಜಗುಲಿಯಲ್ಲಿ ಕೂತು ಹೂ ಕಟ್ಟುತ್ತಿರುತ್ತಾರೆ, ಇವನು ಪಕ್ಕದಲ್ಲಿ ನಿಂತಿರುತ್ತಾನೆ, ಕೂರು ಅಂತ ಯಾರೂ ಹೇಳಿಲ್ಲವಲ್ಲ.