ಮಲಗಿ ನೋಡಿದ ಪೊಟರೆ

ಒಂದು ಮರಕುಟಿಗ ಒಣಮರದಲ್ಲಿ ಮೂರು ಪೊಟರೆ ಕೊರೆದು, ದೂರದಿಂದ ಬರುವ ಹಕ್ಕಿಗಳಿಗೆ ಎರಡು ಮೂರು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತಿತ್ತು. ಒಂದು ಸಂಸಾರ ಹೊರಟೊಡನೆ ಕಸ ತೆಗೆದು, ಬಿರುಕಿಗೆ ಅಂಟು ಮೆತ್ತಿ, ಒಂದು ರಾತ್ರಿ ತಾನೇ ಮಲಗಿ ನೋಡಿ, ಆಮೇಲಷ್ಟೇ ಇನ್ನೊಬ್ಬರನ್ನು ಕರೆಯುತ್ತಿತ್ತು.

ಎದುರು ಮರದ ಹತ್ತು ಪೊಟರೆಗಳಿಗೆ ಒಡೆಯನಾದ ಗಿಳಿ ನಕ್ಕಿತು. "ಮಾಲೀಕನಾಗಿ ಕಸ ಗುಡಿಸುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೆ? ನನ್ನದನ್ನೆಲ್ಲ ಅಳಿಲು ನೋಡಿಕೊಳ್ಳುತ್ತದೆ. ನಾನು ಕೊಂಬೆಯ ಮೇಲೆ ಕೂತು ಹಣ್ಣು ತಿನ್ನುತ್ತೇನೆ."

"ನನ್ನನ್ನು ನಂಬಿ ಮರಿಗಳನ್ನು ಕರೆತರುತ್ತಾರೆ, ಗಿಳಿರಾಯರೇ. ನನಗೆ ನಿದ್ದೆ ಬಾರದ ಜಾಗದಲ್ಲಿ ಅವರನ್ನು ಹೇಗೆ ಮಲಗಿಸಲಿ?" ಎಂದು ಮರಕುಟಿಗ ಮತ್ತೆ ಕೆಲಸಕ್ಕೆ ಇಳಿಯಿತು.

ಆ ಸಂಜೆ ಜೋರು ಮಳೆ ಹೊಯ್ಯಿತು. ಗಿಳಿಯ ಅತಿಥಿಗಳೆಲ್ಲ ಒದ್ದೆ ಮರಿಗಳನ್ನು ಕಟ್ಟಿಕೊಂಡು ಮರಕುಟಿಗನ ಬಾಗಿಲಿಗೆ ಬಂದವು. ಅದು ತಾನು ಮಲಗಬೇಕೆಂದಿದ್ದ ಪೊಟರೆಯನ್ನೂ ಅವಕ್ಕೆ ಬಿಟ್ಟುಕೊಟ್ಟು, ಹೊರಗೆ ಕೊಂಬೆಗೆ ಅಂಟಿಕೊಂಡು ನೆನೆಯುತ್ತ ಕೂತಿತು.

ಕೊನೆಗೆ ಗಿಳಿಯೂ ತೊಯ್ದು ತೊಪ್ಪೆಯಾಗಿ ಬಂದು ಪಕ್ಕದಲ್ಲಿ ಕೂತಿತು. "ನನ್ನ ಹತ್ತೂ ಪೊಟರೆ ಸೋರುತ್ತಿವೆ."

"ಯಾವಾಗಿನಿಂದ?" ಎಂದು ಮರಕುಟಿಗ ಕೇಳಿತು.

"ಯಾರಿಗೆ ಗೊತ್ತು?" ಎಂದಿತು ಗಿಳಿ. "ನಾನು ಒಳಗೆ ಕಾಲಿಟ್ಟಿದ್ದೇ ಇವತ್ತು."