ಮರಿ ಹೊತ್ತ ಕರಡಿಯ ಫೋಟೋ

ಕಲ್ಲುಗುಡ್ಡದ ಬುಡದಲ್ಲಿ ದುರುಗವ್ವ ಅಂತ ಒಬ್ಬಳು. ಅವಳಿಗೆ ಹುಲುಗಪ್ಪ ಅಂತ ಒಬ್ಬನೇ ಮಗ. ವಯಸ್ಸು ಮೂವತ್ತು, ಬುದ್ಧಿ ಇನ್ನೂ ತೊಟ್ಟಿಲಲ್ಲಿ. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ನನಗೆ ಮೀಸೆಯೇ ಇಲ್ಲ, ಆ ಮಾತು ಬೇರೆ.

ಒಮ್ಮೆ ಊರಿಗೆ ಫೋಟೋ ತೆಗೆಯುವ ಪದ್ಮರಾಜಯ್ಯ ಸಾಹೇಬರು ಬಂದರು. "ಬೆನ್ನ ಮೇಲೆ ಮರಿ ಹೊತ್ತ ಕರಡಿ ಬೇಕಮ್ಮಾ. ಮೂರೇ ದಿನ ಇರ್ತೀನಿ. ಫೋಟೋ ಸಿಕ್ಕಿದರೆ ನಿನ್ನ ಮಗನಿಗೆ ನನ್ನ ಹತ್ತಿರ ಕಾಯಂ ಕೆಲಸ" ಅಂದರು.

ದುರುಗವ್ವ ಮಗನ ನೆತ್ತಿಗೆ ಎಣ್ಣೆ ತಟ್ಟಿ ಕಳಿಸಿದಳು. "ಇದೊಂದು ಕೆಡಿಸಬ್ಯಾಡೋ ಯಪ್ಪಾ!"

ಮೊದಲ ದಿನ ಬಂಡೆಗೆ ಬೆಲ್ಲದ ಪಾಕ ಬಳಿದು ಸಾಹೇಬರು, ಹುಲುಗಪ್ಪ ಇಬ್ಬರೂ ಪೊದೆಯಲ್ಲಿ ಕೂತರು. ಬಿಸಿಲು ಇಳಿಯಿತು. ಗವಿಯ ಬಾಯಲ್ಲಿ ಕರಡಿಯ ಮೂತಿ ಕಂಡಿತು. ಸಾಹೇಬರು ಉಸಿರು ಹಿಡಿದರು. ಮೂತಿ ಮುಂದೆ ಬಂತು, ಇನ್ನೊಂಚೂರು ಬಂತು...

"ಸಾಹೇಬ್ರಾ! ಬಂತ್ರೀ! ಕರಡಿ ಬಂತ್ರೀ!"

ಕರಡಿ ಗವಿಯೊಳಗೆ.

ಅವ್ವ ಬೈದಳು: "ಮೂಳಾ! ಗುಡ್ಡದಾಗ ಏನು ಕಂಡ್ರೂ ಬಾಯಿ ತೆರೀಬಾರದು!"

"ಹೂಂ ಯವ್ವಾ."

ಎರಡನೆಯ ದಿನ ಸಾಹೇಬರು ಇಡೀ ಗುಡ್ಡದ ಸಾಲು ಹಿಡಿಯಬೇಕೆಂದು ಕ್ಯಾಮೆರಾಕ್ಕೆ ಕಣ್ಣಿಟ್ಟು ಹಿಂದೆ ಹಿಂದೆ ನಡೆದರು. ಹಿಂದೆ ಕೊರಕಲು! ಒಂದು ಹೆಜ್ಜೆ. ಹುಲುಗಪ್ಪ ನೋಡಿದ. ಇನ್ನೊಂದು ಹೆಜ್ಜೆ. ಹುಲುಗಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮತ್ತೊಂದು ಹೆಜ್ಜೆ... ದಡ್! ಸಾಹೇಬರು ಜಾಲಿಮುಳ್ಳಿನ ಮೇಲೆ. ಆ ಜಾಲಿ ಇಲ್ಲದಿದ್ದರೆ ಪಾತಾಳ.

ಅವ್ವ ಸಾಹೇಬರ ಬೆನ್ನಿನ ಮುಳ್ಳು ಕೀಳುತ್ತಲೇ ಬೈದಳು: "ಸಾಹೇಬ್ರ ಜೀವಕ್ಕ ಕುತ್ತು ಬಂದ್ರ ಹಿಂದಿನಿಂದ ಗಟ್ಟಿಯಾಗಿ ತಬ್ಬಿ ಹಿಡೀಬೇಕೋ! ಏನಂದ್ರೂ ಬಿಡಬಾರದು!"

"ಹೂಂ ಯವ್ವಾ."

ಮೂರನೆಯ ದಿನ, ಕೊನೆಯ ದಿನ. ಕರಡಿ ಬಂತು. ಬೆನ್ನ ಮೇಲೆ ಎರಡು ಮರಿ! ಬಂಡೆ ನೆಕ್ಕಿತು. ತಲೆ ಎತ್ತಿತು. ನೇರ ಇವರತ್ತಲೇ ಹೊರಟಿತು. ಹತ್ತು ಮಾರು. ಐದು ಮಾರು. ಸಾಹೇಬರು ಓಡಲು ಎದ್ದರು. ಹುಲುಗಪ್ಪ ಹಿಂದಿನಿಂದ ಗಬಕ್ಕನೆ ತಬ್ಬಿದ.

"ಬಿಡೋ!"

"ಬಿಡಂಗಿಲ್ರೀ!"

"ಸಾಯ್ತೀನಿ ಬಿಡೋ!"

"ಏನಂದ್ರೂ ಬಿಡಬ್ಯಾಡ ಅಂದಾಳ್ರೀ ಅವ್ವ!"

ಕೊಸರಾಟದಲ್ಲಿ ಸಾಹೇಬರ ಬೆರಳು ತಾನೇ ಕ್ಯಾಮೆರಾದ ಗುಂಡಿ ಒತ್ತಿತು. ಕಟಕಟಕಟ! ಕರಡಿ ಮೂಸಿತು. ಸಾಹೇಬರ ಬೂಟಿನ ಮೇಲೆ ಚೆಲ್ಲಿದ್ದ ಬೆಲ್ಲದ ಪಾಕ ನೆಕ್ಕಿತು. ಹೊರಟುಹೋಯಿತು. ಕೈಮುಗಿದು ಹೋಯಿತು ಅಂತಲೂ ಹೇಳುತ್ತಾರೆ, ಹೇಳುವವನು ನಾನೊಬ್ಬನೇ.

ಈ ಸಲ ಸಾಹೇಬರೇ ಬೈದರು: "ದಡ್ಡಾ! ಕರಡಿ ಕಣ್ಣಿಗೆ ಬಿತ್ತೋ, ಕೈಲಿರೋದನ್ನ ಬಿಸಾಕಿ ಓಡಬೇಕು! ತಿಳೀತಾ?"

"ತಿಳೀತ್ರೀ."

ಆಮೇಲೆ ಸಾಹೇಬರು ಕೊರಕಲಿನ ಅಂಚಿಗೆ ಕೂತು ಕ್ಯಾಮೆರಾದ ಪರದೆ ನೋಡಿದರು. ಕರಡಿ! ಬೆನ್ನ ಮೇಲೆ ಎರಡು ಮರಿ! ಕಣ್ಣಲ್ಲಿ ನೀರೇ ಬಂತು. "ಹುಲುಗಪ್ಪಾ, ನಾಳೆಯಿಂದ ನೀನು ನನ್ನ ಜೊತೆಗೇ ಕಣಯ್ಯಾ! ತಗೋ, ನೀನೂ ನೋಡು!"

ಹುಲುಗಪ್ಪ ಕ್ಯಾಮೆರಾ ಕೈಗೆ ತಗೊಂಡ. ನೋಡಿದ. ಎಸೆದ. ಓಡಿದ.

ಮನೆ ಬಾಗಿಲಲ್ಲಿ ಬಂದು ಬಿದ್ದಾಗ ಅವ್ವ ಎದೆ ಹಿಡಿದುಕೊಂಡು ಕೇಳಿದಳು: "ಸಾಹೇಬ್ರೆಲ್ಲೋ?"

"ಕೊರಕಲಿನ ಅಂಚಿಗೆ ಕುಂತು ಅಳಾಕಹತ್ಯಾರವ್ವಾ. ಸಾಹೇಬ್ರು ಉಳಕೊಂಡ್ರು, ಕರಡೀನ ಕೊರಕಲಿಗೆ ಒಗೆದೆ! ಮರಿ ಎರಡೂ ಹೋದವು, ಪಾಪ!"